ಹೆಸರು ಸಿಗದ ಜ್ವರಗಳು: ಮೆಟಾಜೀನೋಮಿಕ್ಸ್ ಏನು ಹೇಳಬಲ್ಲದು, ಏನು ಹೇಳಲಾರದು

2024ರ ಮಳೆಗಾಲದಲ್ಲಿ ಗುಜರಾತಿನ ಮಕ್ಕಳಿಗೆ ಮೆದುಳು ಜ್ವರ ಬರತೊಡಗಿತು. ಏಕಾಏಕಿ ಜ್ವರ, ವಾಂತಿ, ಫಿಟ್ಸ್, ಆಮೇಲೆ ಪ್ರಜ್ಞೆ ತಪ್ಪುವುದು. ಚಂಡೀಪುರ ವೈರಸ್ ಎಂಬ ಹೆಸರು ಟಿವಿಯಲ್ಲಿ ಓಡಾಡಿತು. 1965ರಲ್ಲಿ ನಾಗಪುರದ ಹತ್ತಿರ ಮೊದಲ ಸಲ ಸಿಕ್ಕ, ಮರಳು ನೊಣದಿಂದ ಹರಡುವ ಹಳೆಯ ವೈರಸ್ ಅದು. ಆ ವರ್ಷ ಜೂನ್ ಆರಂಭದಿಂದ ಆಗಸ್ಟ್ 15ರವರೆಗೆ ಕೇಂದ್ರ ಆರೋಗ್ಯ ಸಚಿವಾಲಯದ ಲೆಕ್ಕಕ್ಕೆ ಬಂದ ಮೆದುಳು ಜ್ವರದ ಪ್ರಕರಣಗಳು 245. ಸಾವು 82. ಚಂಡೀಪುರ ಎಂದು ಲ್ಯಾಬ್‌ನಲ್ಲಿ ಖಚಿತವಾದದ್ದು 64.

ಉಳಿದ 181 ಮಂದಿಗೆ ಏನಾಗಿತ್ತು? ಆ ಪ್ರಶ್ನೆಯನ್ನು ಜಾಸ್ತಿ ಜನ ಕೇಳಲಿಲ್ಲ. ಕೇಳದಿರುವುದು ನಮಗೆ ರೂಢಿಯೂ ಆಗಿದೆ. ಜ್ವರ ಬಂದು ಡೆಂಗಿ, ಮಲೇರಿಯಾ, ಟೈಫಾಯ್ಡ್ ಮೂರೂ ನೆಗೆಟಿವ್ ಬಂದರೆ ನಮ್ಮ ಊರಲ್ಲೂ ಚೀಟಿಯ ಮೇಲೆ ಬೀಳುವುದು ಒಂದೇ ಮಾತು: ವೈರಲ್ ಫೀವರ್. ಯಾವ ವೈರಸ್ ಎಂದು ಯಾರಿಗೂ ಗೊತ್ತಿರುವುದಿಲ್ಲ. ಬಹಳಷ್ಟು ಸಲ ಗೊತ್ತಾಗಬೇಕಾದ ಅಗತ್ಯವೂ ಇಲ್ಲ, ನಾಲ್ಕು ದಿನದಲ್ಲಿ ಜ್ವರ ಇಳಿಯುತ್ತದೆ. ಆದರೆ ಹೊಸ ರೋಗವೊಂದು ಊರಿಗೆ ಕಾಲಿಡುವುದು ಈ ಗುಂಪಿನೊಳಗೆ ಸೇರಿಕೊಂಡೇ.

ಈ ಗುಂಪಿನೊಳಗೆ ಕೈಹಾಕಿ ಹುಡುಕುವ ವಿಧಾನಕ್ಕೆ ಮೆಟಾಜೀನೋಮಿಕ್ಸ್ ಎಂದು ಹೆಸರು. ಕೋವಿಡ್ ನಂತರ ಇದರ ಬಗ್ಗೆ ಭಾರಿ ಮಾತು ಕೇಳಿಬರುತ್ತಿದೆ. ಮುಂದಿನ ಮಹಾಮಾರಿಯನ್ನು ಬರುವ ಮೊದಲೇ ಹಿಡಿಯುತ್ತೇವೆ ಎನ್ನುವವರೂ ಇದ್ದಾರೆ. ನನಗೆ ಆ ಮಾತಿನ ಮೇಲೆ ನಂಬಿಕೆ ಕಡಿಮೆ. ಆದರೆ ವಿಧಾನದ ಮೇಲೆ ನಂಬಿಕೆ ಇದೆ. ಈ ಎರಡರ ನಡುವಿನ ಅಂತರ ಎಷ್ಟು ಎಂದು ನೋಡೋಣ.

ಅನುಮಾನ ತಪ್ಪಾದರೆ ಟೆಸ್ಟೂ ತಪ್ಪು

ಆಸ್ಪತ್ರೆಯ ಲ್ಯಾಬ್ ನಡೆಯುವುದೇ ಅನುಮಾನದ ಮೇಲೆ. ಡೆಂಗಿ ಇರಬಹುದು ಎಂದು ಡಾಕ್ಟರಿಗೆ ಅನಿಸಿದರೆ ಡೆಂಗಿ ಟೆಸ್ಟ್. ಇಲಿ ಜ್ವರ ಅನಿಸಿದರೆ ಅದರ ಟೆಸ್ಟ್. ಅನಿಸದೇ ಇದ್ದದ್ದರ ಟೆಸ್ಟ್ ಆಗುವುದೇ ಇಲ್ಲ.

ಇದರಿಂದ ಎಂಥ ಅನಾಹುತ ಆಗಬಹುದು ಎನ್ನುವುದಕ್ಕೆ ಮಲೇಷ್ಯಾ ಒಳ್ಳೆಯ ಉದಾಹರಣೆ. 1998ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಇಪೋ ಪಟ್ಟಣದ ಸುತ್ತಮುತ್ತ ಹಂದಿ ಸಾಕುವವರಿಗೆ ಮೆದುಳು ಜ್ವರ ಶುರುವಾಯಿತು. ಹಂದಿ, ಮೆದುಳು ಜ್ವರ ಎರಡೂ ಒಟ್ಟಿಗೆ ಬಂದರೆ ವೈದ್ಯರ ತಲೆಗೆ ಮೊದಲು ಹೊಳೆಯುವುದು ಹಂದಿಯಿಂದ ಸೊಳ್ಳೆ ಮೂಲಕ ಮನುಷ್ಯರಿಗೆ ಬರುವ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಜೆಇ. ಕೆಲವು ರೋಗಿಗಳ ರಕ್ತದಲ್ಲಿ ಜೆಇ ಗುರುತೂ ಸಿಕ್ಕಿತು. ಸರಿ, ಸರ್ಕಾರ ಸೊಳ್ಳೆ ಹೊಗೆ ಹಾಕಿಸಿತು, ಜನರಿಗೆ ಜೆಇ ಲಸಿಕೆ ಕೊಡಿಸಿತು. ರೋಗ ನಿಲ್ಲಲಿಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ಬಂತು. ಜೆಇ ಸಾಮಾನ್ಯವಾಗಿ ಮಕ್ಕಳನ್ನು ಹಿಡಿಯುತ್ತದೆ. ಇಲ್ಲಿ ಬೀಳುತ್ತಿದ್ದವರು ದುಡಿಯುವ ವಯಸ್ಸಿನ ಗಂಡಸರು. ಹಂದಿಗಳೂ ಕೆಮ್ಮಿ ಕೆಮ್ಮಿ ಸಾಯುತ್ತಿದ್ದವು. ರೈತರು ಕಾಯಿಲೆ ಹಂದಿಗಳನ್ನು ಬೇರೆ ಜಿಲ್ಲೆಗೆ ಮಾರಿದರು, ರೋಗವೂ ಜೊತೆಗೇ ಹೋಯಿತು. 1999ರ ಮಾರ್ಚ್‌ನಲ್ಲಿ ಮಲಯಾ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಅಸಲಿ ವೈರಸ್ ಸಿಕ್ಕಾಗ ಆರು ತಿಂಗಳು ಕಳೆದಿತ್ತು. ಸುಂಗೈ ನಿಪಾ ಎಂಬ ಹಳ್ಳಿಯ ಹೆಸರನ್ನೇ ಅದಕ್ಕೆ ಇಟ್ಟರು. ಅದೇ ನಿಪಾ. ಕೊನೆಗೆ 265 ಮಂದಿಗೆ ರೋಗ, 105 ಸಾವು. ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಲ್ಲಬೇಕಾಯಿತು.

ನಮ್ಮಲ್ಲೂ ಇಂಥದ್ದೇ ನಡೆದಿದೆ. ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಮಳೆಗಾಲ ಬಂದರೆ ಮಕ್ಕಳ ವಾರ್ಡ್ ತುಂಬುತ್ತಿತ್ತು. 2005ರಲ್ಲಿ ಆ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಾರಣ ಜೆಇ ಎಂದಾಯಿತು, ಮರುವರ್ಷದಿಂದ ಲಸಿಕೆ ಬಂತು. ಜೆಇ ಇಳಿಯಿತು, ಆದರೆ ಮೆದುಳು ಜ್ವರ ಪೂರ್ತಿ ಇಳಿಯಲಿಲ್ಲ. ಹತ್ತು ವರ್ಷದ ನಂತರ ಮಣಿಪಾಲ, ಪುಣೆ, ವೆಲ್ಲೂರು, ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಹಲವು ಲ್ಯಾಬ್‌ಗಳವರು ಕೂತು ಹುಡುಕಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸ್ಕ್ರಬ್ ಟೈಫಸ್ ಗುರುತು ಸಿಕ್ಕಿತು. ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಬೇಗ ಕೊಟ್ಟರೆ ವಾಸಿಯಾಗುತ್ತದೆ. ವೈರಸ್ ಎಂದುಕೊಂಡಿದ್ದರಿಂದ ಆ ಮಾತ್ರೆ ಎಷ್ಟೋ ಮಕ್ಕಳ ಬಾಯಿಗೆ ಬೀಳಲೇ ಇಲ್ಲ.

ಎಲ್ಲರ ಹೆಸರನ್ನೂ ಬರೆದುಕೊಳ್ಳುವುದು

ಕೋವಿಡ್ ಕಾಲದಲ್ಲಿ ನಾವೆಲ್ಲ ಗಂಟಲು ದ್ರವ ಕೊಟ್ಟು ಮಾಡಿಸಿಕೊಂಡ ಪಿಸಿಆರ್ ಟೆಸ್ಟ್, ಸಂತೆಯ ನಡುವೆ ನಿಂತು "ಸೋಮಣ್ಣ ಇದ್ದೀಯೇನೋ?" ಎಂದು ಕೂಗಿದ ಹಾಗೆ. ಸೋಮಣ್ಣ ಇದ್ದರೆ ಓ ಎನ್ನುತ್ತಾನೆ. ಇಲ್ಲದಿದ್ದರೆ ಸದ್ದಿಲ್ಲ. ಪಕ್ಕದಲ್ಲೇ ಜೇಬುಗಳ್ಳ ನಿಂತಿದ್ದರೂ ತಿಳಿಯುವುದಿಲ್ಲ. ಮೆಟಾಜೀನೋಮಿಕ್ಸ್ ಯಾರ ಹೆಸರನ್ನೂ ಕೂಗುವುದಿಲ್ಲ. ಸಂತೆಗೆ ಬಂದ ಒಬ್ಬೊಬ್ಬರ ಹೆಸರನ್ನೂ ಬರೆದುಕೊಳ್ಳುತ್ತದೆ.

ಕೆಲಸ ಹೀಗೆ ನಡೆಯುತ್ತದೆ. ರೋಗಿಯ ರಕ್ತ, ಕಫ, ಅಥವಾ ಬೆನ್ನಿನ ನೀರು (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ತೆಗೆದುಕೊಳ್ಳುತ್ತಾರೆ. ಅದರಲ್ಲಿರುವ ಡಿಎನ್‌ಎ, ಆರ್‌ಎನ್‌ಎ ಎಲ್ಲವನ್ನೂ ಹೊರತೆಗೆಯುತ್ತಾರೆ. ಯಾರದು ಎಂದು ನೋಡದೆ ಅಷ್ಟನ್ನೂ ಸೀಕ್ವೆನ್ಸಿಂಗ್ ಯಂತ್ರಕ್ಕೆ, ಅಂದರೆ ಡಿಎನ್‌ಎಯ ಅಕ್ಷರಗಳ ಸಾಲನ್ನು ಓದುವ ಯಂತ್ರಕ್ಕೆ ಕೊಡುತ್ತಾರೆ. ಯಂತ್ರದಿಂದ ಲಕ್ಷಗಟ್ಟಲೆ, ಕೋಟಿಗಟ್ಟಲೆ ಸಣ್ಣ ತುಣುಕುಗಳು ಅಕ್ಷರಗಳಾಗಿ ಹೊರಬರುತ್ತವೆ. ಕಂಪ್ಯೂಟರ್ ಮೊದಲು ಮನುಷ್ಯನ ತುಣುಕುಗಳನ್ನು ಪಕ್ಕಕ್ಕಿಡುತ್ತದೆ. ಉಳಿದದ್ದನ್ನು ಜಗತ್ತಿನಲ್ಲಿ ಈವರೆಗೆ ದಾಖಲಾಗಿರುವ ಜೀವಿಗಳ ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ.

ಈ ಪದ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1998ರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಬರೆಯುವಾಗ ಜೋ ಹ್ಯಾಂಡಲ್ಸ್‌ಮನ್ ಮತ್ತು ಜೊತೆಗಾರರು ಬಳಸಿದ ಮಾತು ಅದು. ಮಣ್ಣಿನಲ್ಲಿರುವ ಬಹುಪಾಲು ಬ್ಯಾಕ್ಟೀರಿಯಾಗಳು ಲ್ಯಾಬ್‌ನ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಬೆಳೆಸದೆಯೇ ಓದುವ ದಾರಿ ಬೇಕಿತ್ತು. ರೋಗ ಹುಡುಕುವವರಿಗೂ ಅದೇ ಬೇಕಿತ್ತು.

ಒಬ್ಬ ಹುಡುಗನ ಕತೆಯಿಂದ ಇದರ ಬಲ ತಿಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ 14 ವರ್ಷದ ಹುಡುಗ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕಡಿಮೆ. ನಾಲ್ಕು ತಿಂಗಳಲ್ಲಿ ಮೂರು ಸಲ ಆಸ್ಪತ್ರೆ ಸೇರಿದ. ಜ್ವರ, ತಲೆನೋವು, ಕೊನೆಗೆ ಮೆದುಳಿನಲ್ಲಿ ನೀರು, ಫಿಟ್ಸ್. ಮೆದುಳಿನ ಚೂರು ತೆಗೆದು ನೋಡಿದರೂ ಕಾರಣ ಸಿಗಲಿಲ್ಲ. ಬೆನ್ನಿನ ನೀರನ್ನು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬ್‌ಗೆ ಕಳಿಸಿದರು. ಅಲ್ಲಿ ಚಾರ್ಲ್ಸ್ ಚಿಯು, ಜೋ ಡಿರೈಸಿ ಮತ್ತವರ ತಂಡ 48 ಗಂಟೆಯಲ್ಲಿ ಉತ್ತರ ಕೊಟ್ಟಿತು. ಒಟ್ಟು 30,63,784 ತುಣುಕುಗಳಲ್ಲಿ 475 ತುಣುಕು ಲೆಪ್ಟೊಸ್ಪೈರಾದವು. ನಮ್ಮ ಮಲೆನಾಡು, ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಇಲಿ ಜ್ವರ! ಹುಡುಗ ಹಿಂದಿನ ವರ್ಷ ಪೋರ್ಟೊ ರಿಕೊದಲ್ಲಿ ನೀರಿಗಿಳಿದು ಈಜಿದ್ದ. ಮಾಮೂಲಿ ಇಲಿ ಜ್ವರದ ಟೆಸ್ಟ್ ನೆಗೆಟಿವ್ ಬಂದಿತ್ತು, ಏಕೆಂದರೆ ಅದು ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುತ್ತದೆ. ಇವನ ದೇಹ ಅದನ್ನು ತಯಾರಿಸುತ್ತಲೇ ಇರಲಿಲ್ಲ. ಪೆನಿಸಿಲಿನ್ ಕೊಟ್ಟರು, ಹುಡುಗ ಚೇತರಿಸಿಕೊಂಡ. 2014ರಲ್ಲಿ ಈ ಪ್ರಕರಣ ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು.

ಹೊಸ ವೈರಸ್ ಹಿಡಿಯುವುದರಲ್ಲಿ ಇದರ ದೊಡ್ಡ ಪರೀಕ್ಷೆ ನಡೆದದ್ದು ವುಹಾನ್‌ನಲ್ಲಿ. 2019ರ ಡಿಸೆಂಬರ್ 26ರಂದು ಅಲ್ಲಿನ ಮೀನು ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ 41 ವರ್ಷದ ವ್ಯಕ್ತಿ ಆಸ್ಪತ್ರೆ ಸೇರಿದ. ಶ್ವಾಸಕೋಶ ತೊಳೆದು ತೆಗೆದ ದ್ರವ ಜನವರಿ 3ಕ್ಕೆ ಶಾಂಘೈಯ ಜಾಂಗ್ ಯೋಂಗ್‌ಜೆನ್ ಅವರ ಲ್ಯಾಬ್ ತಲುಪಿತು. ಯಂತ್ರ ಓದಿದ ತುಣುಕುಗಳು ಐದೂವರೆ ಕೋಟಿಗೂ ಹೆಚ್ಚು. ಅವುಗಳನ್ನು ಜೋಡಿಸಿದಾಗ ಸುಮಾರು 30 ಸಾವಿರ ಅಕ್ಷರಗಳ ಒಂದು ಉದ್ದನೆಯ ಎಳೆ ಸಿಕ್ಕಿತು. ಪಟ್ಟಿಯಲ್ಲಿದ್ದ ಬಾವಲಿಯ ಕೊರೊನಾ ವೈರಸ್ ಒಂದಕ್ಕೆ ಅದು ಶೇಕಡಾ 89ರಷ್ಟು ಹೋಲುತ್ತಿತ್ತು. ಅಂದರೆ ಸಾರ್ಸ್‌ನ ನೆಂಟ, ಆದರೆ ಹೊಸಬ. ಜನವರಿ 5ಕ್ಕೆಲ್ಲ ಕೆಲಸ ಮುಗಿದಿತ್ತು. ಆ ರೋಗಿಗೆ ಏನಾಗಿದೆ ಎಂದು ಮೊದಲೇ ಊಹಿಸುವ ಅಗತ್ಯ ಇರಲಿಲ್ಲ. ಮಲೇಷ್ಯಾದಲ್ಲಿ ಆರು ತಿಂಗಳು ಹಿಡಿದದ್ದು ಇಲ್ಲಿ ಎರಡು ದಿನ.

ಆದರೆ ಆ ಅಕ್ಷರಗಳು ಜಗತ್ತಿಗೆ ಸಿಕ್ಕಿದ್ದು ಜನವರಿ 11ಕ್ಕೆ. ಅನುಮತಿಯಿಲ್ಲದೆ ಏನನ್ನೂ ಪ್ರಕಟಿಸಬಾರದು ಎಂಬ ಒತ್ತಡ ಚೀನಾದ ಲ್ಯಾಬ್‌ಗಳ ಮೇಲಿತ್ತು. ಜಾಂಗ್ ಕೊನೆಗೆ ಆಸ್ಟ್ರೇಲಿಯಾದ ವಿಜ್ಞಾನಿ ಎಡ್ವರ್ಡ್ ಹೋಮ್ಸ್ ಮೂಲಕ ಅದನ್ನು ಇಂಟರ್ನೆಟ್ಟಿಗೆ ಹಾಕಿಸಿದರು. ಮರುದಿನ ಅವರ ಲ್ಯಾಬ್ ಅನ್ನು "ಸರಿಪಡಿಸಲು" ಎಂದು ಮುಚ್ಚಿಸಲಾಯಿತು. ಅಕ್ಷರಗಳು ಹೊರಬಿದ್ದ ಎರಡೇ ದಿನಕ್ಕೆ ಬರ್ಲಿನ್‌ನ ಕ್ರಿಶ್ಚಿಯನ್ ಡ್ರೋಸ್ಟೆನ್ ತಂಡದ ಪಿಸಿಆರ್ ಟೆಸ್ಟಿನ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ಲಸಿಕೆಯ ವಿನ್ಯಾಸವೂ ಅದೇ ವಾರ ಶುರು. ಯಂತ್ರಕ್ಕೆ ಎರಡು ದಿನ, ಮನುಷ್ಯರಿಗೆ ಆರು ದಿನ. ಈ ಲೆಕ್ಕ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಹಿಡಿದ ಮೇಲೆ ಬೆನ್ನು ಹತ್ತುವುದು

ಹೆಸರು ಸಿಕ್ಕಿದರೆ ಕೆಲಸ ಮುಗಿಯಲಿಲ್ಲ. ಅದು ಎಲ್ಲಿಂದ ಬಂತು, ಯಾರಿಂದ ಯಾರಿಗೆ ಹೋಗುತ್ತಿದೆ ಎಂದು ತಿಳಿಯಬೇಕು. ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ಆಗೀಗ ಒಂದೊಂದು ಅಕ್ಷರ ತಪ್ಪಾಗುತ್ತದೆ. ಆ ತಪ್ಪುಗಳನ್ನು ಹೋಲಿಸಿ ವೈರಸ್ಸಿನ ವಂಶವೃಕ್ಷ ಬರೆಯಬಹುದು. ಇಬ್ಬರು ರೋಗಿಗಳ ವೈರಸ್ ಬಹುತೇಕ ಒಂದೇ ಆಗಿದ್ದರೆ ಒಬ್ಬರಿಂದ ಒಬ್ಬರಿಗೆ ಬಂದಿರಬಹುದು. ತುಂಬಾ ಬೇರೆಯಾಗಿದ್ದರೆ ಇಬ್ಬರಿಗೂ ಬೇರೆ ಬೇರೆ ಕಡೆಯಿಂದ ಅಂಟಿದೆ.

ಇದರಿಂದ ನೇರವಾಗಿ ಲಾಭವಾದದ್ದು 2018ರಲ್ಲಿ ನೈಜೀರಿಯಾದಲ್ಲಿ. ಅಲ್ಲಿ ಪ್ರತಿ ವರ್ಷ ಲಾಸಾ ಜ್ವರ ಬರುತ್ತದೆ. ಮಾಸ್ಟೊಮಿಸ್ ಎಂಬ ಜಾತಿಯ ಇಲಿಯಿಂದ ಬರುವ ಕಾಯಿಲೆ. ಆ ವರ್ಷ ಮಾತ್ರ ಹಿಂದೆಂದೂ ಕಾಣದಷ್ಟು ಜನರಿಗೆ ಬಂತು. ವೈರಸ್ ಬದಲಾಯಿತಾ? ಮನುಷ್ಯರಿಂದ ಮನುಷ್ಯರಿಗೆ ಸರಾಗವಾಗಿ ಹರಡಲು ಕಲಿತಿತಾ? ಎಲ್ಲರಿಗೂ ಇದೇ ಭಯ. ಇರುವಾ ಎಂಬ ಊರಿನ ಬೋಧನಾ ಆಸ್ಪತ್ರೆಯಲ್ಲೇ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ನ್ಯಾನೋಪೋರ್ ಯಂತ್ರ ಇಟ್ಟುಕೊಂಡು ರೋಗ ಹರಡುತ್ತಿರುವಾಗಲೇ ಮೆಟಾಜೀನೋಮಿಕ್ ಸೀಕ್ವೆನ್ಸಿಂಗ್ ಮಾಡಿದರು. ರೋಗಿಗಳ ವೈರಸ್‌ಗಳು ಒಂದಕ್ಕೊಂದು ದೂರದ ಸಂಬಂಧಿಗಳು ಎಂದು ಗೊತ್ತಾಯಿತು. ಅಂದರೆ ಬಹುತೇಕರಿಗೆ ಇಲಿಯಿಂದಲೇ, ಬೇರೆ ಬೇರೆಯಾಗಿ ಅಂಟಿತ್ತು. ಸುಮ್ನೆ ಊರುಗಳಿಗೆ ಬೀಗ ಹಾಕುವ ಬದಲು ಮನೆಯೊಳಗೆ ಇಲಿ ಬರದ ಹಾಗೆ ನೋಡಿಕೊಳ್ಳುವುದೇ ಸರಿಯಾದ ದಾರಿ ಎಂದು ಇದರಿಂದ ಖಾತ್ರಿಯಾಯಿತು.

ನಮ್ಮ ಪಕ್ಕದ ಢಾಕಾದ ಉದಾಹರಣೆ ಇನ್ನೂ ಹತ್ತಿರದ್ದು. ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಮೆದುಳುಪೊರೆಯ ಉರಿಯೂತ ಬಂದು ಕಾರಣ ಸಿಗದ ಮಕ್ಕಳು ಬಹಳ. ಸೇಂಜುತಿ ಸಾಹಾ ಎಂಬ ವಿಜ್ಞಾನಿ ಮತ್ತವರ ತಂಡ ಅಂಥ ಮಕ್ಕಳ ಬೆನ್ನಿನ ನೀರನ್ನು ಮೆಟಾಜೀನೋಮಿಕ್ಸ್‌ಗೆ ಹಾಕಿ ನೋಡಿತು. ಮೂರು ಮಕ್ಕಳಲ್ಲಿ ಚಿಕೂನ್‌ಗುನ್ಯಾ ಸಿಕ್ಕಿತು. ಕೀಲು ನೋವಿನ ಕಾಯಿಲೆ ಎಂದೇ ನಾವೆಲ್ಲ ತಿಳಿದಿರುವ ಚಿಕೂನ್‌ಗುನ್ಯಾ ಮೆದುಳಿನ ಸುತ್ತಲೂ! 2017ರಲ್ಲಿ ಢಾಕಾದಲ್ಲಿ ಅದು ಜೋರಾಗಿ ಹರಡಿತ್ತು. ಆ ಸುಳಿವು ಹಿಡಿದು ಎತ್ತಿಟ್ಟಿದ್ದ 472 ಸ್ಯಾಂಪಲ್‌ಗಳಿಗೆ ಮಾಮೂಲಿ ಪಿಸಿಆರ್ ಮಾಡಿದರು. ಇನ್ನೂ 17 ಸಿಕ್ಕವು.

ಈ ಕೆಲಸದ ಕ್ರಮ ಗಮನಿಸಿ. ದುಬಾರಿ ವಿಧಾನ ಬಳಸಿದ್ದು ಕೆಲವೇ ಸ್ಯಾಂಪಲ್ ಮೇಲೆ. ಅದರಿಂದ ಸಿಕ್ಕ ಸುಳಿವನ್ನು ಅಗ್ಗದ ವಿಧಾನದಿಂದ ನೂರಾರು ಸ್ಯಾಂಪಲ್‌ಗಳಲ್ಲಿ ಹುಡುಕಿದರು. ಬಡ ದೇಶಗಳಿಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಕಾಣುವುದಿಲ್ಲ.

ಎಲ್ಲಿ ಎಡವುತ್ತದೆ

ಇಷ್ಟೆಲ್ಲ ಚೆನ್ನಾಗಿದ್ದರೆ ಎಲ್ಲ ಆಸ್ಪತ್ರೆಯಲ್ಲೂ ಯಾಕಿಲ್ಲ ಎಂದು ಕೇಳಬಹುದು. ದುಡ್ಡು ಒಂದು ಕಾರಣ. ಅಮೆರಿಕದಲ್ಲಿ ಒಂದು ಟೆಸ್ಟಿಗೆ ಸಾವಿರಾರು ಡಾಲರ್. ಆದರೆ ದುಡ್ಡು ಮಾತ್ರ ಅಲ್ಲ.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಪ್ರಾಮಾಣಿಕವಾಗಿ ಅಳೆದಿದೆ. ಅಮೆರಿಕದ 8 ಆಸ್ಪತ್ರೆಗಳ 204 ರೋಗಿಗಳು, ಎಲ್ಲರಿಗೂ ಮೆದುಳು ಅಥವಾ ಬೆನ್ನುಹುರಿಗೆ ಸಂಬಂಧಿಸಿದ ಕಾಯಿಲೆ. ಒಟ್ಟು 58 ಸೋಂಕು ಪತ್ತೆಯಾದವು. ಅದರಲ್ಲಿ 13 ಸೋಂಕನ್ನು ಆಸ್ಪತ್ರೆಯ ಟೆಸ್ಟ್‌ಗಳು ಬಿಟ್ಟಿದ್ದವು, ಮೆಟಾಜೀನೋಮಿಕ್ಸ್ ಹಿಡಿಯಿತು. ಒಳ್ಳೆಯದೇ. ಆದರೆ 26 ಸೋಂಕನ್ನು ಮೆಟಾಜೀನೋಮಿಕ್ಸ್ ಬಿಟ್ಟಿತು, ಮಾಮೂಲಿ ಟೆಸ್ಟ್‌ಗಳು ಹಿಡಿದವು! ಹಾಗಾಗಿ ಇದರ ನೆಗೆಟಿವ್ ರಿಪೋರ್ಟ್ ನೋಡಿ ಸೋಂಕೇ ಇಲ್ಲ ಎನ್ನುವಂತಿಲ್ಲ.

ಯಾಕೆ ಬಿಡುತ್ತದೆ? ಕೆಲವು ವೈರಸ್‌ಗಳು ರೋಗ ಶುರು ಮಾಡಿ ಬೇಗ ಮಾಯವಾಗುತ್ತವೆ. ಜೆಇ, ವೆಸ್ಟ್ ನೈಲ್ ಅಂಥವು. ಮಗು ಆಸ್ಪತ್ರೆಗೆ ಬರುವ ಹೊತ್ತಿಗೆ ಬೆನ್ನಿನ ನೀರಿನಲ್ಲಿ ವೈರಸ್ ಇರುವುದಿಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಮಾತ್ರ ಇರುತ್ತದೆ. ಅಕ್ಷರ ಓದುವ ಯಂತ್ರಕ್ಕೆ ಪ್ರತಿಕಾಯ ಕಾಣುವುದಿಲ್ಲ. ಸ್ಕ್ರಬ್ ಟೈಫಸ್‌ನ ಬ್ಯಾಕ್ಟೀರಿಯಾ ಬೆನ್ನಿನ ನೀರಿನಲ್ಲಿ ಇದ್ದರೂ ತೀರಾ ಕಡಿಮೆ. ಗೋರಖ್‌ಪುರದ ಗುಟ್ಟು ರಟ್ಟಾದದ್ದು ಹಳೆಯ ಕಾಲದ ಪ್ರತಿಕಾಯ ಟೆಸ್ಟಿನಿಂದ ಎನ್ನುವುದನ್ನು ಮರೆಯಬಾರದು. ಇನ್ನೊಂದು ತೊಂದರೆ ಮನುಷ್ಯನದೇ ಡಿಎನ್‌ಎ. ಎಷ್ಟೋ ಸ್ಯಾಂಪಲ್‌ಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ತುಣುಕು ರೋಗಿಯದೇ ಆಗಿರುತ್ತದೆ. ವೈರಸ್ಸಿನದು ಅದರೊಳಗೆ ಹೂತುಹೋಗಿರುತ್ತದೆ.

ಇದಕ್ಕೆ ತದ್ವಿರುದ್ಧದ ಕಷ್ಟವೂ ಇದೆ. ಇಲ್ಲದ್ದು ಸಿಗುವುದು. 2013ರಲ್ಲಿ ಚೀನಾದ ಚೊಂಗ್‌ಚಿಂಗ್‌ನ ಹೆಪಟೈಟಿಸ್ ರೋಗಿಗಳ ರಕ್ತದಲ್ಲಿ ಹೊಸ ವೈರಸ್ ಸಿಕ್ಕಿತು ಎಂದು ದೊಡ್ಡ ಪತ್ರಿಕೆಯಲ್ಲೇ ಬಂತು. ಅದೇ ವರ್ಷ ಚಿಯು ಅವರ ತಂಡಕ್ಕೆ ಅದರ ಬಹುತೇಕ ಅವಳಿಯಂಥ ವೈರಸ್ ತಮ್ಮ ಲ್ಯಾಬ್‌ನಲ್ಲೂ ಕಾಣಿಸಿತು. ಹಿಂದೆ ಬಿದ್ದು ಹುಡುಕಿದರೆ ಅದು ರೋಗಿಗಳಲ್ಲಿ ಇರಲೇ ಇಲ್ಲ. ಡಿಎನ್‌ಎ ಶುದ್ಧ ಮಾಡಲು ಬಳಸುವ ಸಿಲಿಕಾ ಕೊಳವೆಗಳಲ್ಲಿತ್ತು! ಸಿಲಿಕಾ ಚಿಪ್ಪಿನ ಡಯಾಟಮ್ ಎಂಬ ನೀರಿನ ಪಾಚಿಯಿಂದ ಬಂದಿರಬಹುದು ಎಂದು ಅವರ ಅಂದಾಜು. ಹೊಸ ರೋಗ ಎಂದುಕೊಂಡದ್ದು ಲ್ಯಾಬ್ ಸಾಮಾನಿನ ಕೊಳೆ ಆಗಿತ್ತು.

ಎರಡು ವರ್ಷದ ಬಳಿಕ ನ್ಯೂಯಾರ್ಕ್‌ನ ಸರದಿ. ಸುರಂಗ ರೈಲಿನ ನಿಲ್ದಾಣಗಳ ಕಂಬಿ, ಬೆಂಚು, ಟಿಕೆಟ್ ಯಂತ್ರ ಎಲ್ಲವನ್ನೂ ಒರೆಸಿ ಸೀಕ್ವೆನ್ಸಿಂಗ್ ಮಾಡಿದ ತಂಡವೊಂದು ಪ್ಲೇಗ್, ಆಂಥ್ರಾಕ್ಸ್ ತುಣುಕುಗಳು ಸಿಕ್ಕವು ಎಂದಿತು. ಪತ್ರಿಕೆಗಳಿಗೆ ಹಬ್ಬ. ನಗರದ ಆರೋಗ್ಯ ಇಲಾಖೆ ಸಿಟ್ಟಾಯಿತು. ಕೆಲವೇ ತಿಂಗಳಲ್ಲಿ ತಂಡ ತಿದ್ದುಪಡಿ ಹಾಕಿ, ಆ ರೋಗಾಣುಗಳು ಅಲ್ಲಿವೆ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದು ಒಪ್ಪಿಕೊಂಡಿತು. ಪ್ಲೇಗ್ ಬ್ಯಾಕ್ಟೀರಿಯಾಕ್ಕೆ ನಿರುಪದ್ರವಿ ದಾಯಾದಿಗಳು ಬೇಕಾದಷ್ಟಿದ್ದಾರೆ. ಪುಟ್ಟ ತುಣುಕು ನೋಡಿ ಯಾರದು ಎಂದು ಹೇಳುವುದು ಸುಲಭ ಅಲ್ಲ. ಆ ಅಧ್ಯಯನದಲ್ಲಿ ಸಿಕ್ಕ ಡಿಎನ್‌ಎಯ ಸುಮಾರು ಅರ್ಧದಷ್ಟು ಯಾವ ಪಟ್ಟಿಯಲ್ಲೂ ಇರಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು.

ನಿಜವಾಗಿ ಇದ್ದದ್ದೇ ಸಿಕ್ಕರೂ ಅದೇ ಕಾರಣ ಎನ್ನುವಂತಿಲ್ಲ. ಟಾರ್ಕ್ ಟೆನೊ ಎಂಬ ವೈರಸ್ ಆರೋಗ್ಯವಂತರ ರಕ್ತದಲ್ಲೂ ಸಾಮಾನ್ಯ. ಯಾವ ತೊಂದರೆಯನ್ನೂ ಮಾಡಿದ ದಾಖಲೆ ಇಲ್ಲ. ಹೊಸಬರ ಕಣ್ಣಿಗೆ ಅದು ದೊಡ್ಡ ಬೇಟೆ ಅನಿಸಬಹುದು.

ಕಾಡಿಗೆ ಹೋಗಬೇಕಾ, ವಾರ್ಡಿಗಾ?

ಬೇಟೆ ಎಂಬ ಮಾತು ಬಂತಲ್ಲ, ಅದರ ಬಗ್ಗೆಯೇ ನನ್ನ ಮುಖ್ಯ ತಕರಾರು. ಅಮೆರಿಕ ಸರ್ಕಾರದ ದುಡ್ಡಿನಲ್ಲಿ 2009ರಿಂದ ನಡೆದ ಪ್ರೆಡಿಕ್ಟ್ ಯೋಜನೆ ಹತ್ತಾರು ದೇಶಗಳ ಬಾವಲಿ, ಇಲಿ, ಮಂಗಗಳಿಂದ ಸ್ಯಾಂಪಲ್ ತೆಗೆದು 900ಕ್ಕೂ ಹೆಚ್ಚು ಹೊಸ ವೈರಸ್ ಪತ್ತೆ ಮಾಡಿತು. ಮುಂದಿನ ಮಹಾಮಾರಿಯನ್ನು ಕಾಡಿನಲ್ಲೇ ಗುರುತಿಸುವುದು ಉದ್ದೇಶ. ಕೋವಿಡ್ ಬಂತು, ಅದನ್ನು ಯಾವ ಪಟ್ಟಿಯೂ ಮೊದಲೇ ಹೇಳಲಿಲ್ಲ. 2016ರಲ್ಲಿ ಚೀನಾದ ತಂಡವೊಂದು ಕೀಟ, ಜೇಡ, ಹುಳುಗಳಂಥ ಬೆನ್ನೆಲುಬಿಲ್ಲದ ಜೀವಿಗಳಲ್ಲಿ ಒಂದೇ ಏಟಿಗೆ 1,445 ಹೊಸ ವೈರಸ್ ಕಂಡುಹಿಡಿದಿತ್ತು. ಜೀವಲೋಕ ಅರ್ಥಮಾಡಿಕೊಳ್ಳಲು ಅದು ಬಹಳ ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಅದರಲ್ಲಿ ಯಾವುದು ಮನುಷ್ಯನಿಗೆ ಹಾರುತ್ತದೆ ಎಂದು ಅಕ್ಷರ ನೋಡಿ ಹೇಳಲು ಇವತ್ತು ಯಾರಿಂದಲೂ ಆಗುವುದಿಲ್ಲ. 2018ರಲ್ಲೇ ವಿಜ್ಞಾನಿಗಳಾದ ಹೋಮ್ಸ್, ಆಂಡ್ರೂ ರಾಂಬೋ, ಕ್ರಿಸ್ಟಿಯನ್ ಆಂಡರ್ಸನ್ ಮೂವರೂ ಸೇರಿ ಇದನ್ನೇ ಬರೆದಿದ್ದರು: ಭವಿಷ್ಯ ಹೇಳಲು ದುಡ್ಡು ಸುರಿಯಬೇಡಿ, ಮನುಷ್ಯರಲ್ಲಿ ರೋಗ ಕಾಣಿಸಿಕೊಂಡ ತಕ್ಷಣ ಹಿಡಿಯಲು ಖರ್ಚು ಮಾಡಿ.

ಇವರ ಮಾತಿಗೆ ಪುಷ್ಟಿ ಕೊಡುವಂಥದ್ದು ಲಾಂಗ್ಯಾ ವೈರಸ್. ನಿಪಾದ ಸಂಬಂಧಿ. ಚೀನಾದ ಶಾಂಡೊಂಗ್, ಹೆನಾನ್ ಪ್ರಾಂತ್ಯಗಳಲ್ಲಿ, ಪ್ರಾಣಿಗಳ ಒಡನಾಟವಿದ್ದು ಜ್ವರ ಬಂದವರ ಮೇಲೆ ನಿಗಾ ಇಡುತ್ತಿದ್ದ ಆಸ್ಪತ್ರೆಗಳಲ್ಲಿ ಒಬ್ಬ ರೋಗಿಯ ಗಂಟಲು ದ್ರವದಲ್ಲಿ ಮೆಟಾಜೀನೋಮಿಕ್ಸ್ ಅದನ್ನು ಹಿಡಿಯಿತು. ಆಮೇಲೆ ಹುಡುಕಿದರೆ ಒಟ್ಟು 35 ರೋಗಿಗಳು. 26 ಮಂದಿಯಲ್ಲಿ ಬೇರೆ ಯಾವ ರೋಗಾಣುವೂ ಇರಲಿಲ್ಲ. ಕಾಡುಪ್ರಾಣಿಗಳ ಕಡೆ ತಿರುಗಿದಾಗ ಮೂಗಿಲಿಯಲ್ಲಿ ಸಿಕ್ಕಿತು. ರೋಗಿಯಿಂದ ಶುರುಮಾಡಿ ಪ್ರಾಣಿಗೆ ಹೋದರು. ಅದೇ ಸರಿಯಾದ ದಿಕ್ಕು ಎಂದು ನನಗನಿಸುತ್ತದೆ.

ಕೊಳಚೆ ನೀರಿನ ವಿಷಯ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯವರು ನಗರದ 28 ಕಡೆಯಿಂದ ಕೊಳಚೆ ನೀರು ತಂದು ಕೋವಿಡ್ ಏರಿಳಿತ ನೋಡಿದರು. ಯಾರೂ ಟೆಸ್ಟ್ ಮಾಡಿಸಿಕೊಳ್ಳದಿದ್ದರೂ ಒಳಚರಂಡಿ ಸುಳ್ಳು ಹೇಳುವುದಿಲ್ಲ. ಆದರೆ ಅದು ಗೊತ್ತಿರುವ ವೈರಸ್ ಹುಡುಕುವ ಕೆಲಸ. ಇಡೀ ಊರಿನ ಕೊಳಚೆಯಲ್ಲಿ ಗೊತ್ತಿಲ್ಲದ ಹೊಸ ವೈರಸ್ ಹುಡುಕುವುದು ಬಹಳ ಕಷ್ಟ. ತಿಂದ ತರಕಾರಿಯ ವೈರಸ್, ಬ್ಯಾಕ್ಟೀರಿಯಾಗಳನ್ನು ತಿನ್ನುವ ವೈರಸ್, ಎಲ್ಲವೂ ಅಲ್ಲಿ ತುಂಬಿರುತ್ತವೆ. ಹೊಸದು ಕಣ್ಣಿಗೆ ಬೀಳುವಷ್ಟರಲ್ಲಿ ಊರಲ್ಲಿ ಸಾಕಷ್ಟು ಜನರಿಗೆ ಬಂದಾಗಿರುತ್ತದೆ. ವಿಮಾನ ನಿಲ್ದಾಣದಂಥ ಕಡೆ ಇದು ಉಪಯೋಗಕ್ಕೆ ಬರಬಹುದು.

ಕರ್ನಾಟಕದವರಿಗೆ ಇದೆಲ್ಲ ದೂರದ ಮಾತು ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೆ ಜ್ವರ ಬಂತು. ಮಂಗ ಸಾಯುತ್ತಿದೆ ಎಂದ ಕೂಡಲೇ ಹಳದಿ ಜ್ವರ ಭಾರತಕ್ಕೆ ಬಂತಾ ಎಂದು ಗಾಬರಿಯಾಯಿತು. ಐದೇ ವರ್ಷದ ಹಿಂದೆ ಶುರುವಾಗಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಸ್ಯಾಂಪಲ್ ಅನ್ನು ಇಲಿಮರಿಗಳಿಗೆ ಚುಚ್ಚಿ ವೈರಸ್ ಬೇರ್ಪಡಿಸಿದರು. ರಷ್ಯಾದ ಕಡೆ ಉಣ್ಣೆ ಹುಳುವಿನಿಂದ (ಉಣುಗಿನಿಂದ) ಹರಡುವ ವೈರಸ್‌ಗಳ ಬಂಧು ಎಂದು ಗೊತ್ತಾಯಿತು. ಅದೇ ಮಂಗನ ಕಾಯಿಲೆ. ಯಂತ್ರ ಇರಲಿಲ್ಲ, ಆದರೆ ಮಂಗ ಸತ್ತದ್ದನ್ನು ಗಮನಿಸಿ ಹೇಳುವ ಜನ ಇದ್ದರು, ಕೇಳಿಸಿಕೊಂಡು ಬರುವ ವಿಜ್ಞಾನಿಗಳಿದ್ದರು. ದಶಕಗಟ್ಟಲೆ ಮಲೆನಾಡಿನ ಕಾಯಿಲೆ ಎಂದೇ ಅಂದುಕೊಂಡಿದ್ದದ್ದು 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ. ಅದು ಹೊಸದಾಗಿ ಹರಡಿತಾ, ಮೊದಲಿಂದಲೂ ಇದ್ದು ವೈರಲ್ ಫೀವರ್ ಲೆಕ್ಕಕ್ಕೆ ಸೇರಿಹೋಗುತ್ತಿತ್ತಾ? ಹಳೆಯ ಸ್ಯಾಂಪಲ್ ಇಟ್ಟಿದ್ದರೆ ಉತ್ತರ ಹುಡುಕಬಹುದಿತ್ತು, ಅಲ್ವಾ?

ಎತ್ತಿಟ್ಟ ಸ್ಯಾಂಪಲ್ ಎಷ್ಟು ಬೆಲೆಬಾಳುತ್ತದೆ ಎಂದು ಪಶ್ಚಿಮ ಬಂಗಾಳದ ಸಿಲಿಗುರಿ ತೋರಿಸಿದೆ. 2001ರ ಆರಂಭದಲ್ಲಿ ಅಲ್ಲಿ 66 ಮಂದಿಗೆ ಮೆದುಳು ಜ್ವರ ಬಂತು, ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿ ಮತ್ತು ರೋಗಿಗಳನ್ನು ನೋಡಲು ಬಂದವರು. ಆಗ ಕಾರಣ ಸಿಗಲಿಲ್ಲ. ಉಳಿದಿದ್ದ ಸ್ಯಾಂಪಲ್‌ಗಳನ್ನು ಮತ್ತೆ ನೋಡಿದಾಗ ಅದು ನಿಪಾ ಎಂದು ತಿಳಿಯಿತು. ಭಾರತದ ಮೊದಲ ನಿಪಾ. ವಿವರ ಪ್ರಕಟವಾಗುವಷ್ಟರಲ್ಲಿ 2006 ಬಂದಿತ್ತು. 2018ರಲ್ಲಿ ಕೋಳಿಕೋಡ್‌ನ ಡಾಕ್ಟರುಗಳಿಗೆ ನಿಪಾ ಅನುಮಾನ ಬಂದದ್ದರಿಂದ ಸ್ಯಾಂಪಲ್ ಮಣಿಪಾಲಕ್ಕೆ ಹೋಗಿ ದಿನಗಳಲ್ಲೇ ಉತ್ತರ ಬಂತು. ಅಂಥ ಚುರುಕು ಅನುಮಾನ ಎಲ್ಲ ಊರಲ್ಲೂ ಸಿಗುವುದಿಲ್ಲ.

ಹಾಗಾಗಿ ನನ್ನ ವಾದ ಇಷ್ಟೇ. ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವೈರಸ್ ಪತ್ತೆ ಲ್ಯಾಬ್‌ಗಳ ಜಾಲ ಈಗಾಗಲೇ ಇದೆ. ಕೋವಿಡ್ ವೈರಸ್ಸಿನ ಸೀಕ್ವೆನ್ಸಿಂಗ್ ಮಾಡಲು 2020ರ ಡಿಸೆಂಬರ್‌ನಲ್ಲಿ ಶುರುವಾದ ಇನ್ಸಾಕಾಗ್ ಎಂಬ ಲ್ಯಾಬ್‌ಗಳ ಕೂಟದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಇನ್‌ಸ್ಟೆಮ್ ಎರಡೂ ಇದ್ದವು. ಸೀಕ್ವೆನ್ಸಿಂಗ್ ಯಂತ್ರ, ಕೈ ಪಳಗಿದ ಜನ ಇದ್ದಾರೆ. ಕಾರಣ ಸಿಗದ ಮೆದುಳು ಜ್ವರ, ಕಾರಣ ಸಿಗದ ನ್ಯುಮೋನಿಯಾ, ಈ ಎರಡರ ಸ್ಯಾಂಪಲ್‌ಗಳನ್ನು ಆಯ್ದ ಜಿಲ್ಲಾ ಆಸ್ಪತ್ರೆಗಳಿಂದ ವರ್ಷವಿಡೀ ತರಿಸಿ ಓದಿದರೆ ಸಾಕು. ರೋಗ ಹರಡಿದಾಗ ಮಾತ್ರ ಓಡುವುದು ಬೇಡ. ಬ್ರಿಟನ್ ಈಗ ಇಂಥದ್ದನ್ನೇ ಮಾಡುತ್ತಿದೆ. ಲಂಡನ್ನಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಉಸಿರಾಟದ ಸೋಂಕಿಗೆ ಶುರುಮಾಡಿದ ಮೆಟಾಜೀನೋಮಿಕ್ಸ್ ಅನ್ನು ಬೇರೆ ಆಸ್ಪತ್ರೆಗಳಿಗೂ ವಿಸ್ತರಿಸುವ ಕೆಲಸ 2024ರಲ್ಲಿ ಆರಂಭವಾಯಿತು. ಅಲ್ಲಿ ರೋಗಿಗೆ ಅದೇ ದಿನ ಉತ್ತರ ಸಿಗುತ್ತದೆ, ದೇಶಕ್ಕೆ ಕಾವಲೂ ಆಗುತ್ತದೆ.

ಯಂತ್ರಕ್ಕಿಂತ ದಾರಿಯೇ ಜಾಸ್ತಿ ಕಷ್ಟ ಕೊಡುತ್ತದೆ. 2024ರ ಕೊನೆಯಲ್ಲಿ ಕಾಂಗೋದ ಪಾಂಜಿ ಎಂಬಲ್ಲಿ ನಿಗೂಢ ಕಾಯಿಲೆ ಎಂದು ಜಗತ್ತೇ ಗಾಬರಿಯಾದಾಗ, ಸ್ಯಾಂಪಲ್‌ಗಳನ್ನು ಮಳೆಗಾಲದ ರಸ್ತೆಯಲ್ಲಿ ಸುಮಾರು 500 ಕಿಲೋಮೀಟರ್ ದೂರದ ಕಿಕ್ವಿಟ್‌ಗೆ ಸಾಗಿಸಬೇಕಾಯಿತು. ಕೊನೆಗೆ ಗೊತ್ತಾದದ್ದು ಬಹುಮಟ್ಟಿಗೆ ಮಲೇರಿಯಾ ಮತ್ತು ಮಾಮೂಲಿ ಉಸಿರಾಟದ ಸೋಂಕು, ಅಪೌಷ್ಟಿಕತೆಯಿಂದ ಉಲ್ಬಣಿಸಿದ್ದು. ಆರ್‌ಎನ್‌ಎ ಬಹಳ ಸೂಕ್ಷ್ಮ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಸ್ಯಾಂಪಲ್ ಸರಿಯಾದ ತಂಪಿನಲ್ಲಿ ಬೆಂಗಳೂರು ಮುಟ್ಟದಿದ್ದರೆ ಕೋಟಿ ರೂಪಾಯಿಯ ಯಂತ್ರವೂ ಏನೂ ಹೇಳುವುದಿಲ್ಲ.

ಸಿಕ್ಕಿದ್ದನ್ನು ಹೇಳುವುದು ಇನ್ನೊಂದು ತೊಡಕು. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಒಮಿಕ್ರಾನ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಬಹುಮಾನವಾಗಿ ಸಿಕ್ಕಿದ್ದು ವಿಮಾನ ಬಂದ್. ದೇಶದ ಮೇಲೆ ದೇಶ ಬಾಗಿಲು ಹಾಕಿತು. ಎಂಟೇ ದಿನದಲ್ಲಿ, ಡಿಸೆಂಬರ್ 2ಕ್ಕೆ, ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಬೆಂಗಳೂರಿನಲ್ಲೇ ಪತ್ತೆಯಾದವು. ಬಾಗಿಲು ಹಾಕಿದ್ದರಿಂದ ವೈರಸ್ ನಿಲ್ಲಲಿಲ್ಲ. ಬೇಗ ಹೇಳಿದವರಿಗೆ ಲಸಿಕೆ, ಔಷಧಿಯಲ್ಲಿ ಪಾಲು ಸಿಗಬೇಕು ಎಂಬುದು ಬಡ ದೇಶಗಳ ಹಳೆಯ ಬೇಡಿಕೆ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿದವು. ವೈರಸ್ಸಿನ ಅಕ್ಷರ ಕೊಟ್ಟವರಿಗೆ ಬದಲಿಗೆ ಏನು ಸಿಗಬೇಕು ಎನ್ನುವ ಭಾಗವನ್ನು ಮಾತ್ರ, ಜಗಳ ಬಗೆಹರಿಯದೆ, ಮುಂದಿನ ಮಾತುಕತೆಗೆ ಬಿಟ್ಟರು.